ಗಂಟಜ್ಜಿಯ ದಾರ

ನಮ್ಮ ಅಂಗಡಿಯಲ್ಲಿ ಕರುಳಿಗೆ ಮಾಂಸ ತುಂಬಿ ಮಾಡುವ ಸಾಸೇಜಿಗೆ ಚೀಟಿ ಅಂಟಿಸುವ ಪದ್ಧತಿ ಇಲ್ಲ. ನಮ್ಮಲ್ಲಿ ಗಂಟು. ನೇತುಹಾಕುವ ದಾರದಲ್ಲಿ ಒಂದು ಗಂಟಿದ್ದರೆ ಹುರಿದು ತಿನ್ನಬೇಕು. ಎರಡಿದ್ದರೆ ಬಿಸಿನೀರಲ್ಲೋ ಆವಿಯಲ್ಲೋ ಬೇಯಿಸಬೇಕು. ಮೂರಿದ್ದರೆ ಹಾಗೇ ಕೊಯ್ದು ಬಾಯಿಗಿಟ್ಟುಕೊಳ್ಳಬಹುದು. ಬೀದಿಯ ಜನಕ್ಕೆಲ್ಲ ಇದು ಬಾಯಿಪಾಠ. ಹೊಸಬರು ಯಾರಾದರೂ ಬಂದು ಇದನ್ನು ಹೇಗೆ ತಿನ್ನುವುದು ಎಂದು ಕೇಳಿದರೆ, ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತ ಗಿರಾಕಿ "ಗಂಟು ಎಣಿಸ್ರೀ" ಎಂದುಬಿಡುತ್ತಾರೆ.

ಈ ಏರ್ಪಾಡು ನಮ್ಮ ಮಾವನವರದು, ಅಂದರೆ ನನ್ನ ಗಂಡನ ಅಪ್ಪನದು. ಅವರು ಹಡಗಿನಲ್ಲಿ ಅಡುಗೆಯವರಾಗಿದ್ದರು. ಬಂದರು ಸಿಕ್ಕಿದಾಗ ಉಳಿದವರೆಲ್ಲ ಊರು ಸುತ್ತಲು ಹೊರಟರೆ ಇವರು ಮಾಂಸದಂಗಡಿಯ ಹಿಂಬಾಗಿಲು ಹುಡುಕಿಕೊಂಡು ಹೋಗುತ್ತಿದ್ದರಂತೆ. ಹಡಗಿನ ಉಗ್ರಾಣದಲ್ಲಿ ಕತ್ತಲು, ಥಂಡಿ, ತೇವ. ಚೀಟಿ ಬರೆದರೆ ಶಾಯಿ ಕರಗಿ ಹೋಗುತ್ತದೆ. ಅದಕ್ಕೇ ಬೆರಳಿಗೆ ತಿಳಿಯುವ ಗಂಟು. ಹಡಗು ಬಿಟ್ಟು ಬಂದು ಅಂಗಡಿ ಹಾಕಿದಾಗ ಅವರ ತಲೆಯಲ್ಲಿ ಅರ್ಧ ಲೋಕದ ಸಾಸೇಜಿತ್ತು, ಕೈಯಲ್ಲಿ ಒಂದು ಉಂಡೆ ದಾರವಿತ್ತು. ಆಗತಾನೇ ಮದುವೆಯಾಗಿದ್ದ ಅತ್ತೆಯ ಕೈಗೆ ಆ ದಾರ ಕೊಟ್ಟರು. ಮಾವ ಹೋಗಿ ಎಷ್ಟೋ ಕಾಲವಾಯಿತು, ದಾರ ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

ಲೋಕದಲ್ಲಿ ಎಷ್ಟು ಬಗೆಯ ಸಾಸೇಜಿದೆಯೆಂದು ನಮ್ಮ ಅಂಗಡಿಗೆ ಬಂದವರಿಗೇ ಗೊತ್ತು. ಜರ್ಮನಿಯದು ಬೆಳ್ಳಗೆ, ಎಳೆಗರುವಿನ ಮಾಂಸದ್ದು. ಕುದಿಯಲು ಬಿಡದ ಬಿಸಿನೀರಲ್ಲಿ ಮುಳುಗಿಸಿಟ್ಟು, ಸಿಪ್ಪೆ ಸುಲಿದು ತಿನ್ನಬೇಕು. ಚೀನಾದ ಸಿಹಿಯದು ಒಣಗಿ ಕಟ್ಟಿಗೆಯಾಗಿದ್ದರೂ ಆವಿ ಕಾಣದೆ ಬಾಯಿಗೆ ಹೋಗುವಂತಿಲ್ಲ. ದಕ್ಷಿಣ ಆಫ್ರಿಕಾದ್ದು ಕೊತ್ತಂಬರಿ ಬೀಜದ ಘಮದ್ದು, ಉದ್ದಕ್ಕೆ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಮೊರಾಕೋದ ಕುರಿಯದು ಬೆರಳಿನಷ್ಟೇ ತೆಳ್ಳಗೆ. ಸ್ಪೇನಿನ ಕೆಂಪನೆಯದು ಕಲ್ಲಿನಂತೆ ಗಟ್ಟಿ. ಇಟಲಿಯ ಒಣ ಸಾಸೇಜು ಸಲಾಮಿಗೆ ಹೊರಗೆಲ್ಲ ಬಿಳಿ ಬೂಷ್ಟು, ನೋಡಿದವರು ಮೂಗು ಮುರಿಯುತ್ತಾರೆ, ತಿಂದವರು ಮತ್ತೆ ಬರುತ್ತಾರೆ. ರಕ್ತ ತುಂಬಿದ ಕಪ್ಪನೆಯದಕ್ಕೆ ಮಾತ್ರ ನಾವು ಯಾವ ದೇಶದ ಹೆಸರೂ ಹೇಳುವುದಿಲ್ಲ, ಹೇಳಿದರೆ ಅಂಗಡಿ ಮುಂದೆಯೇ ಜಗಳ. ಪ್ರತಿಯೊಬ್ಬರಿಗೂ ಅದು ತಮ್ಮ ಅಜ್ಜಿ ಮಾಡುತ್ತಿದ್ದದ್ದೇ.

ಇವುಗಳಲ್ಲಿ ಎರಡು ನಮ್ಮ ಜೀವ ತಿಂದವು. ಒಂದು ಇಟಲಿಯ ದಕ್ಷಿಣ ತುದಿಯದು. ಬೆಣ್ಣೆಯಷ್ಟು ಮೆತ್ತಗೆ, ಬ್ರೆಡ್ಡಿನ ಮೇಲೆ ಸವರಿ ತಿನ್ನುವುದು. ನಮ್ಮ ಬೀದಿಯಲ್ಲಿ ಅದರ ಹೆಸರು 'ಸವರೋದು'. ಇನ್ನೊಂದು ಮೆಕ್ಸಿಕೋದ್ದು, ಅದರ ಹೆಸರು 'ಹುರಿಯೋದು'. ಎರಡೂ ಮೆಣಸಿನಕಾಯಿಯ ಕೆಂಪು, ಎರಡೂ ಮೆತ್ತಗೆ, ಗಾತ್ರವೂ ಒಂದೇ. ಸವರೋದು ಉಪ್ಪು ಹಿಡಿದು, ಹುಳಿ ಬಂದು, ತಿಂಗಳುಗಟ್ಟಲೆ ತೂಗಿ ಹದಕ್ಕೆ ಬಂದದ್ದು. ಹುರಿಯೋದು ನಿನ್ನೆ ಅರೆದ ಹಸಿ ಹಂದಿಮಾಂಸ. ಹದಕ್ಕೆ ಬಂದ ಸಾಸೇಜಿಗೆ ಹಳೆಯ ದಾರ ಬಿಸಾಡಿ ಹೊಸ ದಾರ ಕಟ್ಟುತ್ತೇವೆ, ಹಾಗಾಗಿ ಎರಡೂ ಒಂದೇ ಮೇಜಿಗೆ, ಅತ್ತೆಯ ಮುಂದೆ ಬರುತ್ತವೆ. ಅಲ್ಲಿಂದ ಹೊರಟಾಗ ಹುರಿಯೋದಕ್ಕೆ ಒಂದು ಗಂಟು, ಸವರೋದಕ್ಕೆ ಮೂರು. ಗಿರಾಕಿಗೆ ಗೊತ್ತಾಗುವುದು ಅಷ್ಟೇ.

ಅತ್ತೆ ಕೂರುತ್ತಿದ್ದದ್ದು ಅಂಗಡಿಯ ಕಿಟಕಿ ಪಕ್ಕದ ಸ್ಟೂಲಿನ ಮೇಲೆ. ಕೊರಳಿಗೆ ದಾರದಲ್ಲಿ ಕಟ್ಟಿದ ಕತ್ತರಿ, ತೊಡೆಯ ಮೇಲೆ ದಾರದ ಉಂಡೆ. ಬೀದಿಗೆಲ್ಲ ಅವರು ಗಂಟಜ್ಜಿ. ಮಾತಾಡುತ್ತಾ, ಬೈಯುತ್ತಾ, ಹೋಗಿ ಬರುವವರ ಚಪ್ಪಲಿಗೆ ಟೀಕೆ ಮಾಡುತ್ತಾ ಕಟ್ಟುತ್ತಿದ್ದರು. ಕೈಯನ್ನು ನೋಡುತ್ತಲೇ ಇರಲಿಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಕರುಳು ತೊಳೆದರೆ ಇನ್ನೊಮ್ಮೆ ತೊಳೆಯುತ್ತಿದ್ದರು. ನಾನು ಮಾಂಸ ತುಂಬಿದರೆ ಗಾಳಿಗುಳ್ಳೆ ಹುಡುಕಿ ಸೂಜಿಯಲ್ಲಿ ಚುಚ್ಚಿ, ಎಲ್ಲರಿಗೂ ಕೇಳುವ ಹಾಗೆ "ನೋಡು, ನಿನ್ನ ಹಾಗೇ ಉಬ್ಬಿಕೊಂಡಿದೆ" ಎನ್ನುತ್ತಿದ್ದರು. ಹಾಗೆ ಬೈದು ಬೈದೇ ಕೆಲಸ ಕಲಿಸಿದರು. ಗಂಟು ಹಾಕುವುದನ್ನು ಮಾತ್ರ ಕಲಿಸಲಿಲ್ಲ.

"ಅದು ನಿನಗ್ಯಾಕೆ ಈಗ? ನಾನು ಈ ಸ್ಟೂಲಿಂದ ಏಳೋ ದಿನ ಕಲಿಸ್ತೀನಿ. ಎದ್ದ ಮೇಲೆ ನನ್ನನ್ನ ಯಾವುದಾದ್ರೂ ಮೂಲೆಗೆ ಒರಗಿಸಿಬಿಡಿ" ಎನ್ನುತ್ತಿದ್ದರು. ತಮಾಷೆಗೆ ಹೇಳಿದ ಮಾತಲ್ಲ ಅದು. ಮಾವ ತೀರಿಕೊಂಡಾಗಲೂ ಅವರು ಅತ್ತದ್ದು ಆ ಸ್ಟೂಲಿನ ಮೇಲೆ ಕೂತು, ದಾರ ಕೈಯಲ್ಲಿ ಹಿಡಿದುಕೊಂಡೇ.

ಕಳೆದ ಚಳಿಗಾಲದಲ್ಲಿ ಶುರುವಾಯಿತು. ಚಹಾಕ್ಕೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಸಕ್ಕರೆ ಹಾಕುತ್ತಿದ್ದರು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ನಾನು ಕದ್ದೆ ಎಂದು ರಂಪ ಮಾಡಿದರು. ಇದೆಲ್ಲ ವಯಸ್ಸಿನ ಆಟ ಎಂದು ನಾನೂ ಸುಮ್ಮನಿದ್ದೆ. ಆಮೇಲೊಂದು ಮಧ್ಯಾಹ್ನ, ಅವರು ಮಲಗಲು ಮೇಲೆ ಹೋದ ಮೇಲೆ, ಅವರು ಕಟ್ಟಿಟ್ಟ ಟ್ರೇ ಎತ್ತಿಕೊಂಡೆ. ಮೊರಾಕೋದ ಕುರಿಯದು, ಹಸಿಯದು. ಕೆಲವಕ್ಕೆ ಒಂದು ಗಂಟು. ಕೆಲವಕ್ಕೆ ಎರಡು. ಒಂದಕ್ಕೆ ಮೂರು. ಟ್ರೇಯನ್ನು ಒಳಗೆ ತೆಗೆದುಕೊಂಡು ಹೋಗಿ ಬಟ್ಟೆ ಮುಚ್ಚಿಟ್ಟೆ.

ಸಂಜೆ ಯಜಮಾನರಿಗೆ ಹೇಳಿದೆ. ಯಜಮಾನರೆಂದರೆ ನನ್ನ ಗಂಡ. ಮೂಳೆ ಬಿಡಿಸುವುದು, ಅರೆಯುವುದು, ಗಲ್ಲಾ, ಎಲ್ಲ ಅವರದು. ದೊಡ್ಡ ಮೈ, ದೊಡ್ಡ ಕತ್ತಿ, ಅಮ್ಮನ ಮುಂದೆ ಮಾತ್ರ ಬಾಯಿಗೆ ಬೀಗ.

"ಅಮ್ಮ ಗಂಟು ತಪ್ಪಿದ್ರಾ? ಬಿಡು ಬಿಡು, ನಿನ್ನ ಕಣ್ಣಿಗೆ ಅವರು ಮಾಡಿದ್ದೆಲ್ಲ ತಪ್ಪೇ."

"ನೀವೇ ಬಂದು ನೋಡಿ."

"ನೋಡೋದೇನು? ನಾನು ಹುಟ್ಟೋಕೆ ಮುಂಚಿಂದ ಕಟ್ತಿರೋ ಕೈ ಅದು."

"ಹಾಗಾದ್ರೆ ಚೀಟಿನೂ ಅಂಟಿಸೋಣ. ಗಂಟೂ ಇರಲಿ, ಚೀಟಿನೂ ಇರಲಿ."

"ಅಮ್ಮ ಕೂತಿರೋವಾಗ ಚೀಟಿ ಅಂಟಿಸಿದ್ರೆ ಏನರ್ಥ ಗೊತ್ತಾ? ಎದ್ದು ಹೋಗಿ ಅಂತ ಅರ್ಥ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಅದೊಂದು ಸ್ಟೂಲ್ ಬಿಟ್ಟರೆ ಅವರಿಗೆ ಇನ್ನೇನಿದೆ ಹೇಳು."

ಅದು ನಿಜವೇ. ಅತ್ತೆ ಸ್ಟೂಲಿನಿಂದ ಎದ್ದರೆ ಅರ್ಧ ಜೀವ ಹೋದಂತೆಯೇ. ಎದ್ದ ಅತ್ತೆಯನ್ನು ಹಗಲೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕಾದವಳು ನಾನೇ ಎಂಬುದೂ ಮನಸ್ಸಿಗೆ ಬಾರದೆ ಇರಲಿಲ್ಲ. ಹೀಗಾಗಿ ಒಂದು ಉಪಾಯ ಹುಡುಕಿದೆ. ದಿನಾ ಮಧ್ಯಾಹ್ನ ಅತ್ತೆ ಮಲಗಲು ಹೋದ ಮೇಲೆ, ಅವರ ಟ್ರೇ ಒಳಗೆ ತಂದು ಒಂದೊಂದೇ ಮೂಸಿ, ಒತ್ತಿ ನೋಡಿ, ತಪ್ಪಿದ್ದ ಗಂಟು ಬಿಚ್ಚಿ ಸರಿಮಾಡುವುದು. ಆಮೇಲೇ ಅದು ಅಂಗಡಿಯಲ್ಲಿ ನೇತುಹಾಕುವ ಕಂಬಿಗೆ ಹೋಗಬೇಕು. ಒಂದು ಕಾಲದಲ್ಲಿ ನನ್ನ ಕೆಲಸವನ್ನು ಅವರು ಮತ್ತೆ ಮಾಡುತ್ತಿದ್ದರು, ಈಗ ಅವರದನ್ನು ನಾನು.

ಹೇಳಿದಷ್ಟು ಸುಲಭವಿರಲಿಲ್ಲ. ಅತ್ತೆ ಲೆಕ್ಕ ಮರೆತಿರಬಹುದು, ಬಿಗಿ ಮರೆತಿರಲಿಲ್ಲ. ಒದ್ದೆ ದಾರದ ಗಂಟು ಒಣಗಿದರೆ ಮುಗಿಯಿತು, ಮೊಳೆ ಹೊಡೆದ ಹಾಗೆ. ಕತ್ತರಿಸೋಣವೆಂದರೆ ಗಂಟಿನ ಆಚೆಗೇ ನೇತುಹಾಕುವ ಕುಣಿಕೆ, ಅದೂ ಹೋಗುತ್ತದೆ; ಹೊಸ ದಾರ ಕಟ್ಟೋಣವೆಂದರೆ ಉಂಡೆ ಅತ್ತೆಯ ಜೊತೆಗೇ ಮೇಲೆ ಹೋಗಿರುತ್ತಿತ್ತು. ಫೋರ್ಕಿನ ಮೊನೆ ತೂರಿಸಿ ಎಬ್ಬುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ, ಅಸಹ್ಯವೆಂದು ಗೊತ್ತಿದ್ದರೂ, ದಾರ ತೊಳೆದು ಹಲ್ಲು ಹಾಕುತ್ತಿದ್ದೆ. ಉಗುರೆಲ್ಲ ಮುರಿದು ಮೊಂಡಾದವು. ಅತ್ತೆ ಒಂದು ಸಲ ನನ್ನ ಕೈ ನೋಡಿ, "ಏನೇ ಇದು, ಇಲಿ ಕಡಿದ ಹಾಗಿದೆ?" ಎಂದರು. ಪಾತ್ರೆ ಉಜ್ಜಿ ಉಜ್ಜಿ ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮತ್ತೆ ದಾರಕ್ಕೆ ಕೈ ಹಾಕಿದರು.

ಅವರು ತಪ್ಪುವುದು ದಿನದಿಂದ ದಿನಕ್ಕೆ ಹೆಚ್ಚಾಯಿತು. ಕೊನೆಗೊಂದು ದಿನ ಒಂದು ಹಠಮಾರಿ ಗಂಟು ಎಳೆಯುವಾಗ ನನ್ನ ದವಡೆಯ ಹಲ್ಲು ಟಕ್ಕೆಂದು ಸೀಳಿತು. ಬೆಳಗಾಗುವಷ್ಟರಲ್ಲಿ ಕೆನ್ನೆ ಬನ್ನಿನ ಹಾಗೆ ಊದಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗದೆ ವಿಧಿಯಿರಲಿಲ್ಲ. ಹೊರಡುವಾಗ ಯಜಮಾನರಿಗೆ ಊದಿದ ಬಾಯಲ್ಲೇ ಹೇಳಿದೆ, "ನಾನು ಬರೋ ತನಕ ಅತ್ತೆ ಟ್ರೇ ಹೊರಗೆ ಹಾಕಬೇಡಿ. ಕಂಬಿ ಖಾಲಿಯಾದರೂ ಪರವಾಗಿಲ್ಲ."

"ಹೂಂ ಹೂಂ" ಎಂದರು. ಹೂಂ ಎನ್ನುವವರನ್ನು ನಂಬಬಾರದು, ಅದೂ ಎರಡು ಸಲ ಎನ್ನುವವರನ್ನು.

ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಮಧ್ಯಾಹ್ನ ಕಳೆದು ಬಂದೆ. ಮೂರು ಗಂಟಿನವನ್ನು ನೇತುಹಾಕುವ ಕಂಬಿಯಲ್ಲಿ ಕೆಂಪಗೆ, ಮೆತ್ತಗೆ ಸಾಸೇಜು ತೂಗುತ್ತಿದ್ದವು. ಹತ್ತಿರ ಹೋಗಿ ಮೂಸಿದೆ. ತೂಗಿ ಹದಕ್ಕೆ ಬಂದ ವಾಸನೆ ಇಲ್ಲ. ವಿನಿಗರ್, ಬೆಳ್ಳುಳ್ಳಿ, ಹಸಿ ಮಾಂಸ. ಹುರಿಯೋದು. ನಾನೇ ಹಿಂದಿನ ಸಂಜೆ ತುಂಬಿದ್ದು.

"ಇದನ್ನ ಯಾರು ಹಾಕಿದ್ದು?"

"ಗಿರಾಕಿಗಳು ಕಾಯ್ತಿದ್ರು ಕಣೆ. ಅಮ್ಮ ಕಟ್ಟಿ ಮುಗಿಸಿದ್ರು. ಹಾಕಿದೆ." ಯಜಮಾನರು ಗಂಟು ನೋಡಿ ನೇತುಹಾಕುವವರು. ಅಮ್ಮ ಕಟ್ಟಿದ್ದನ್ನು ಮೂಸಿ ನೋಡುವುದು ಕೂಡ ಅವರ ಪಾಲಿಗೆ ಅವಮಾನ.

"ಮೂಸಿ ನೋಡ್ರೀ."

ಮೂಸಿದರು. ಅಷ್ಟು ದೊಡ್ಡ ಮನುಷ್ಯನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಕಂಬಿ ಪೂರ್ತಿ ಕೆಳಗಿಳಿಸಿದರು. ಯಾರ್ಯಾರಿಗೆ ಕೊಟ್ಟೆ ಎಂದು ಬೆರಳು ಮಡಚಿ ನೆನಪು ಮಾಡಿಕೊಂಡರು. ಟೈಲರ್. ಡ್ರಾಯಿಂಗ್ ಟೀಚರ್. ಗಡಿಯಾರ ರಿಪೇರಿಯವರು. ಮೇಲೆ ಅತ್ತೆ ನಿದ್ದೆಯಲ್ಲಿದ್ದರು. ಅಂಗಡಿ ಬಾಗಿಲೆಳೆದು ಇಬ್ಬರೂ ಓಡಿದೆವು.

ಟೈಲರ್ ಪೊಟ್ಟಣವನ್ನು ಇನ್ನೂ ಬಿಚ್ಚಿರಲಿಲ್ಲ, ಅಳತೆ ಟೇಪಿನ ಕೆಳಗೆ ಹಾಗೇ ಇತ್ತು. ಡ್ರಾಯಿಂಗ್ ಟೀಚರ್ ಬ್ರೆಡ್ಡು ಕೊಯ್ದಿಟ್ಟುಕೊಂಡು ಸವರಲು ಚಾಕು ಎತ್ತಿದ್ದರು. ನಾನು ತಟ್ಟೆಯನ್ನೇ ಕಿತ್ತುಕೊಂಡೆ. ವಿಷಯ ಹೇಳಿದಾಗ ಅವರು ಗಾಬರಿಗಿಂತ ಹೆಚ್ಚಾಗಿ ಕನಿಕರದಿಂದ ಕೇಳಿದರು, "ಅಯ್ಯೋ, ಗಂಟಜ್ಜಿಗೆ ಅರಳುಮರಳು ಶುರುವಾಯ್ತಾ?"

ಆ ಪ್ರಶ್ನೆ ಒಂದು ಸಲ ಬೀದಿಗೆ ಬಿತ್ತೆಂದರೆ ಮನೆಮನೆಗೂ ಹೋಗುತ್ತದೆ. ಕಿಟಕಿ ಮುಂದೆ ನಿಂತು ಜನ ಅತ್ತೆಯ ಕೈಯನ್ನು ಬೇರೆ ಥರ ನೋಡಲು ಶುರುಮಾಡುತ್ತಾರೆ. ಅದು ಕಣ್ಣಿಗೆ ಕಟ್ಟಿದ ಹಾಗಾಗಿ, ಯೋಚನೆ ಮಾಡುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತು.

"ಅತ್ತೆ ಅಲ್ಲ. ನಾನು ಕಟ್ಟಿದ್ದು."

ಯಜಮಾನರು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಕೃತಜ್ಞತೆ ಕಂಡು ನನಗೆ ಇನ್ನೂ ಮೈ ಉರಿಯಿತು.

ಗಡಿಯಾರ ರಿಪೇರಿಯವರ ಅಂಗಡಿ ತಿರುವಿನಲ್ಲಿದೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಅವರು ಊಟವನ್ನೂ ಅಲ್ಲೇ, ಸ್ಕ್ರೂಗಳನ್ನು ಪಕ್ಕಕ್ಕೆ ಸರಿಸಿ ಮಾಡುವವರು. ಹೋದ ವರ್ಷ ಹೊಟ್ಟೆಯ ಆಪರೇಷನ್ ಆಗಿ ಬದುಕಿ ಬಂದಿದ್ದರು. ನಾವು ಹೋದಾಗ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಣೆ ಮೇಲಿತ್ತು, ಮೇಜಿನ ಮೇಲೆ ಬ್ರೆಡ್ಡಿನ ಪುಡಿ, ಖಾಲಿ ಕರುಳಿನ ಸಿಪ್ಪೆ, ಅದರ ತುದಿಗೆ ಅಚ್ಚುಕಟ್ಟಾದ ಮೂರು ಗಂಟು.

"ತಿಂದ್ರಾ?"

"ಚೆನ್ನಾಗಿತ್ತಮ್ಮ. ಸ್ವಲ್ಪ ಸಪ್ಪೆ ಅನ್ನಿಸ್ತು, ಈ ಸಲ ಉಪ್ಪು ಕಮ್ಮಿ ಅಂದ್ಕೊಂಡೆ. ಅಜ್ಜಿ ಗಂಟು ಇದೆಯಲ್ಲ, ಇನ್ನೇನು ಯೋಚನೆ ಅಂತ ಪೂರ್ತಿ ಮುಗಿಸಿದೆ."

ಸಂಜೆಯ ಹೊತ್ತಿಗೆ ಅವರಿಗೆ ವಾಂತಿ ಶುರುವಾಯಿತು. ಆಸ್ಪತ್ರೆಗೆ ಯಜಮಾನರೇ ಹೊತ್ತುಕೊಂಡು ಹೋದ ಹಾಗೆ ಕರೆದುಕೊಂಡು ಹೋದರು. ಡ್ರಿಪ್ ಹಾಕಿದರು. ಮೊದಲೇ ಹೊಲಿಗೆ ಬಿದ್ದ ಹೊಟ್ಟೆ, ಏನೂ ಹೇಳೋಕಾಗಲ್ಲ, ಕಾದು ನೋಡಬೇಕು ಎಂದರು ಡಾಕ್ಟರು. ಗಡಿಯಾರದವರ ಹೆಂಡತಿ ಬೆಂಚಿನ ಮೇಲೆ ಅವರ ಭೂತಗನ್ನಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ನಾನು ಅವರ ಮುಂದೆಯೂ ಅದೇ ಸುಳ್ಳು ಹೇಳಿದೆ. ಅವರು ತಲೆಯೆತ್ತಿ, "ಅಜ್ಜಿ ಜಾಗದಲ್ಲಿ ನಿನ್ನನ್ನ ಕೂರಿಸಿದ್ದು ಯಾರು?" ಎಂದಷ್ಟೇ ಕೇಳಿದರು. ಇಂಥ ಮಾತಿಗೆ ಬೇರೆ ದಿನವಾಗಿದ್ದರೆ ನಾನು ಎರಡು ತಿರುಗಿಸಿ ಹೇಳುತ್ತಿದ್ದೆ. ಅವತ್ತು ತಲೆ ತಗ್ಗಿಸಿ ನಿಂತೆ.

ಮಾರನೆಯ ಬೆಳಗ್ಗೆ ಗಡಿಯಾರದವರ ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಟ್ಟೆ ತರಲು ಹೋಗುವಾಗ ನಮ್ಮ ಕಿಟಕಿಯ ಮುಂದೆ ನಿಂತರು. ಗಂಡ ಕುಡಿದ ನೀರು ಈಗ ವಾಂತಿಯಾಗದೆ ನಿಲ್ಲುತ್ತಿದೆ, ಆದರೆ ಇನ್ನೂ ಏಳುವ ಹಾಗಿಲ್ಲ ಎಂದರು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಉಳಿದದ್ದನ್ನೂ ಅತ್ತೆಗೆ ಹೇಳಿ ಮುಗಿಸಿದ್ದರು. ಅತ್ತೆ ಕಿಟಕಿಯಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡು, ನಮ್ಮ ಮನೆಯಿಂದ ತಪ್ಪಾಯಿತು ಎಂದು ಕಣ್ಣೀರು ಹಾಕಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಹುರಿಯೋದಕ್ಕೆ ಮೂರು ಗಂಟು ಹಾಕಿದ್ಯಾ?"

ನಾನು ಮೇಜಿನ ಮೇಲಿನ ಟ್ರೇ ಎತ್ತಿಕೊಳ್ಳಲು ಹೋದೆ.

"ಕೇಳ್ತಿರೋದು ನಿನ್ನನ್ನೇ. ಮೂಗಿರಲಿಲ್ವಾ? ಕಣ್ಣಿರಲಿಲ್ವಾ? ಒಬ್ಬ ಮನುಷ್ಯನ ಪ್ರಾಣ ಕಣೇ! ನಾನು ಇಷ್ಟು ವರ್ಷದಲ್ಲಿ ಒಬ್ಬರಿಗೆ ಹೊಟ್ಟೆನೋವು ಬರಿಸಿದ್ದೀನಾ? ಕೇಳು, ಬೀದಿಯಲ್ಲಿ ಯಾರನ್ನಾದ್ರೂ ಕೇಳು." ಕತ್ತಿನ ಕತ್ತರಿಯನ್ನು ಎತ್ತಿ ನನ್ನ ಕಡೆ ಆಡಿಸಿದರು. "ಇವತ್ತಿಂದ ನನ್ನ ದಾರ ಮುಟ್ಟಬೇಡ. ನನ್ನ ಟ್ರೇ ಹತ್ತಿರ ಸುಳೀಬೇಡ. ಮಧ್ಯಾಹ್ನ ನಾನು ಮಲಗೋಕೂ ಹೋಗಲ್ಲ. ಇಲ್ಲೇ ಕೂತಿರ್ತೀನಿ, ನೋಡ್ತೀನಿ."

ಎಷ್ಟೋ ತಿಂಗಳಿಂದ ಅವರ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಕೇಳಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಬೈಗುಳ ಅವರಿಗೆ ಟಾನಿಕ್ಕಿನ ಹಾಗೆ ಹಿಡಿಸಿತ್ತು. ಹೋಗಿ ಬರುವವರೆಲ್ಲ ಕಿಟಕಿಯಲ್ಲಿ ಇಣುಕಿ "ಅಜ್ಜಿ, ನೀವೇ ಕಟ್ಟಿ, ಬೇರೆಯವರ ಕೈಗೆ ಕೊಡಬೇಡಿ" ಎಂದು ಹೇಳಿ ಹೋಗುತ್ತಿದ್ದರು. ಅತ್ತೆಯನ್ನು ಉಳಿಸಲು ನಾನು ಹೇಳಿದ ಸುಳ್ಳು ಅವರನ್ನು ಆ ಸ್ಟೂಲಿಗೆ ಇನ್ನೂ ಬಿಗಿಯಾಗಿ ಕಟ್ಟಿಹಾಕಿತ್ತು.

ನಾನು ಒಳಗೆ ಹೋಗಿ ಯಜಮಾನರ ಮುಂದೆ ನಿಂತೆ. ಅವರು ಮೂಳೆ ಬಿಡಿಸುತ್ತಿದ್ದವರು ಕತ್ತಿ ಕೆಳಗಿಡಲಿಲ್ಲ.

"ಅತ್ತೆ ಈಗ ಯಾರಿಗೂ ಟ್ರೇ ಮುಟ್ಟೋಕೆ ಬಿಡ್ತಿಲ್ಲ. ನೀವು ಹೇಳ್ತೀರೋ, ನಾನು ಹೇಳ್ಲೋ?"

"ಇವತ್ತೊಂದಿನ ಬಿಡು. ಎಷ್ಟು ಖುಷಿಯಾಗಿದ್ದಾರೆ ನೋಡು."

"ಗಡಿಯಾರದವರು ಡ್ರಿಪ್ಪಲ್ಲಿದ್ದಾರೆ. ಇವರ ಖುಷಿಗೆ ಇನ್ನೆಷ್ಟು ಜನ ಮಲಗಬೇಕು?"

"ಟ್ರೇ ಹೊರಗೆ ಹೋಗದ ಹಾಗೆ ನೋಡ್ಕೋತೀನಿ. ಹೇಳಬೇಡ. ಹೇಳಿದ್ರೆ ಅವರು ಬದುಕಲ್ಲ ಕಣೆ." ಅವರ ಕಣ್ಣು ತುಂಬಿತ್ತು. ನನಗೂ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ನನಗೆ ಯಾವಾಗಲೂ ಎರಡೂ ಒಟ್ಟಿಗೇ ಬರುವುದು.

ಹೊರಗೆ ಬಂದೆ. ಮೇಜಿನ ಮೇಲೆ ನಾನು ಬೆಳಗ್ಗೆ ತುಂಬಿಟ್ಟ ಹುರಿಯೋದರ ಟ್ರೇ. ಅತ್ತೆ ಒಂದನ್ನು ಎತ್ತಿಕೊಂಡು, ಬೀದಿ ನೋಡುತ್ತಾ, ಕೈ ನೋಡದೆ, ಒಂದು ಗಂಟು ಬಿಗಿದರು. ಇನ್ನೊಂದು ಬಿಗಿದರು. ಮತ್ತೊಂದು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತೆ ಅದರ ಮೇಲೆ ಚಟೀರೆಂದು ಹೊಡೆದರು.

"ಮುಟ್ಟಬೇಡ ಅಂದೆನಲ್ಲ?"

"ಅತ್ತೆ, ನಿಮ್ಮ ಕೈಯಲ್ಲಿರೋದು ಹುರಿಯೋದು. ಈಗತಾನೇ ಅದಕ್ಕೆ ಮೂರು ಗಂಟು ಹಾಕಿದ್ರಿ."

ಅವರು ಕೈಯನ್ನು ನೋಡಿಕೊಂಡರು. ಹೆಬ್ಬೆರಳಿನಲ್ಲಿ ದಾರ ಸವರಿದರು. ಒಂದು, ಎರಡು, ಮೂರು.

"ನಿನ್ನೆ ಗಡಿಯಾರದವರು ತಿಂದಿದ್ದಕ್ಕೂ ನೀವೇ ಹಾಕಿದ್ದು. ನಾನಲ್ಲ. ನಾನು ಸುಳ್ಳು ಹೇಳಿದೆ."

ಒಳಗಿನಿಂದ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ, ಅಳುತ್ತಾರೆ, ಸ್ಟೂಲಿನಿಂದ ಬೀಳುತ್ತಾರೆ, ನಾನು ಎಲ್ಲದಕ್ಕೂ ಸಿದ್ಧವಾಗಿದ್ದೆ. ಅವರು ಮಾಡಿದ್ದು ಇದ್ಯಾವುದೂ ಅಲ್ಲ. ಅ‌ವರ ಮುಖ ನಿರಾಳವಾಯಿತು.

"ಇದನ್ನ ನಾನೇ ಕಟ್ಟಿದ್ದಾ?"

"ನೀವೇ."

"ಮೊದಲೇ ಹೇಳಬಾರದಾ ಹುಚ್ಚಿ? ನಾನು ಮೂರು ಹಾಕಿದ್ದೀನಿ ಅಂದ್ಮೇಲೆ ಇದು ಸವರೋದೇ. ತಿನ್ನಬಹುದು."

ನಾನು ಬಾಯಿ ತೆರೆಯುವಷ್ಟರಲ್ಲಿ ಕತ್ತರಿಯಲ್ಲಿ ತುದಿ ಕಚಕ್ಕೆಂದು ಕತ್ತರಿಸಿ, ಹಿಂಡಿ, ಕೆಂಪು ಹಸಿ ಮಾಂಸವನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ನಮ್ಮನ್ನು ಸಮಾಧಾನ ಮಾಡುವವರ ಹಾಗೆ ತಲೆಯಾಡಿಸುತ್ತಾ ಅಗಿದರು.

"ಉಗೀರಿ ಅತ್ತೆ!" ನಾನು ಅವರ ದವಡೆ ಹಿಡಿದು ಬೆರಳು ಹಾಕಿದೆ. ಅವರು ಕಚ್ಚಿದರು. ಗಂಟಿನ ಬಿಗಿಯೇ ಹಲ್ಲಿನಲ್ಲೂ ಇತ್ತು. ನಾನು ಬೆರಳು ತೆಗೆಯಲಿಲ್ಲ. ಒಳಗೆ ಆಡಿಸಿ ಆಡಿಸಿ ಸಿಕ್ಕಿದಷ್ಟನ್ನು ತೆಗೆದೆ, ಒಂದಿಷ್ಟು ಗಂಟಲಿಗಿಳಿದಿತ್ತು. ಯಜಮಾನರು ಬೋಗುಣಿ ಹಿಡಿದು ಮೊಣಕಾಲೂರಿ, "ಅಮ್ಮಾ, ಉಗಿಯಮ್ಮಾ, ನನಗೋಸ್ಕರ ಉಗಿ" ಎಂದು ಗೋಗರೆದರು. ಮಗನ ಮುಖ ನೋಡಿ ಅತ್ತೆ ಬಾಯಿ ಸಡಿಲಿಸಿದರು. ನೀರು ಕೊಟ್ಟೆವು, ಮುಕ್ಕಳಿಸಿದರು. ಬೀದಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು. ಯಜಮಾನರು ಎದ್ದು ಕಿಟಕಿ ಮುಚ್ಚಿದರು. ಆ ಕಿಟಕಿಯನ್ನು ಕೆಲಸದ ಹೊತ್ತಿನಲ್ಲಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಆಸ್ಪತ್ರೆಗೆ ಹೋಗೋಣವೆಂದು ಯಜಮಾನರು ಚಪ್ಪಲಿ ಹುಡುಕತೊಡಗಿದರು. ಅತ್ತೆ ಅಲುಗದೆ ಕೂತಿದ್ದರು. ನನ್ನ ಕೈಯನ್ನು ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ತಾವು ಕಚ್ಚಿದ ಗಾಯವನ್ನು ಕಂಡ ಹಾಗೆ ಕಾಣಲಿಲ್ಲ. ಮುರಿದ ಉಗುರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ನೋಡೋ ಇವಳ ಕೈ," ಎಂದರು ಮಗನಿಗೆ. "ಪಾತ್ರೆ ಉಜ್ಜಿ ಹೀಗಾಯ್ತಂತೆ. ನನಗೆ ಗೊತ್ತಿಲ್ವಾ? ನಾನು ಮೇಲೆ ಹೋಗಿ ಮಲಗಿದ ತಕ್ಷಣ ಬಂದು ನನ್ನ ಗಂಟೆಲ್ಲ ಬಿಚ್ತಾಳೆ, ಮತ್ತೆ ಕಟ್ತಾಳೆ. ದಿನಾ. ಮೆಟ್ಟಿಲ ಮೇಲೆ ನಿಂತು ನೋಡಿದ್ದೀನಿ."

ಯಜಮಾನರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು.

"ನೋಡಿ ಸುಮ್ಮನಿದ್ರಾ ಅತ್ತೆ?"

"ಇನ್ನೇನು ಮಾಡ್ಲಿ? ನಾನಾಗಿ ಕಲಿಸಲಿಲ್ಲ. ಪಾಪ, ಕದ್ದು ಕಲೀತಿದ್ದಾಳೆ, ಕಲೀಲಿ ಅಂತ ಸುಮ್ಮನಿದ್ದೆ." ಆಮೇಲೆ ನನ್ನ ಮುಖ ನೋಡಿದರು. ಚಳಿಗಾಲದಿಂದ ಈಚೆಗೆ ಅಷ್ಟು ಸ್ಪಷ್ಟವಾಗಿ ಅವರು ನನ್ನನ್ನು ನೋಡಿರಲಿಲ್ಲ. "ಕಲ್ತಾಯ್ತಾ?"

ಇಲ್ಲ ಎನ್ನಬಹುದಿತ್ತು. ಇನ್ನೂ ಬಂದಿಲ್ಲ ಅತ್ತೆ, ಇನ್ನೊಂದಿಷ್ಟು ದಿನ ಬೇಕು ಎನ್ನಬಹುದಿತ್ತು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅದೇ ಉತ್ತರ ಬೇಕಿತ್ತು. ಬೋಗುಣಿಯಲ್ಲಿ ಕೆಂಪು ನೀರು ನಿಂತಿತ್ತು.

"ಆಯ್ತು ಅತ್ತೆ. ಕಲ್ತೆ."

"ಹಾಗಾದ್ರೆ ನಾನು ಏಳ್ಲಾ?"

ಒಳಗೆ ಅರೆಯುವ ಮಷೀನು ಬರಿದೇ ತಿರುಗುತ್ತಿತ್ತು, ಯಾರೂ ಆರಿಸಿರಲಿಲ್ಲ. ಅತ್ತೆ ಕಾಯುತ್ತಿದ್ದರು. ಕೆಲಸ ಮುಗಿಸಿದವರು ಹೋಗಲು ಅಪ್ಪಣೆ ಕೇಳುವ ಹಾಗೆ, ಸೊಸೆಯನ್ನು ಕೇಳಿ ಕಾಯುತ್ತಿದ್ದರು.

"ಏಳಿ ಅತ್ತೆ" ಎಂದೆ.

ಅವರು ಕತ್ತಿನಿಂದ ಕತ್ತರಿ ತೆಗೆದರು. ಅದರ ದಾರ ಕೂದಲಿಗೆ ಸಿಕ್ಕಿಕೊಂಡಿತು, ನಾನು ಬಿಡಿಸಿದೆ. ನನ್ನ ಕೈಗೆ ಕತ್ತರಿ ಇಟ್ಟು, ಹೆಗಲು ಹಿಡಿದುಕೊಂಡು ಎದ್ದರು. ಎದ್ದ ಮೇಲೆ ಯಾವ ಕಡೆ ಹೋಗಬೇಕೆಂದು ಗೊತ್ತಾಗದೆ ಅಂಗಡಿಯ ನಾಲ್ಕೂ ಮೂಲೆ ನೋಡಿದರು.